ಹೈದರಾಬಾದನ್ನು ನೋಡಲು ಹೋಗುವುದು

ಯಾದಗಿರಿ, ಶಹಾಪುರ, ಸುರಪುರಗಳ ಕಡೆಯವರಿಗೆ ಹೈದರಾಬಾದು ಹೊಸ ಊರೇನೂ ಅಲ್ಲ. 1956ರ ನವೆಂಬರ್ 1ರವರೆಗೆ ಅದು ನಮ್ಮ ರಾಜಧಾನಿಯೇ ಆಗಿತ್ತು. ಇಂದಿಗೂ ಅಲ್ಲಿಗೆ ಒಮ್ಮೆಯಾದರೂ ಹೋಗಿಬಾರದ ಮನೆ ನಮ್ಮಲ್ಲಿ ವಿರಳ. ಆದರೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿ. ರೋಗಿಯ ಜೊತೆ ಹೋದವರು ಆಸ್ಪತ್ರೆಯ ಪಡಸಾಲೆಯನ್ನೂ ಎದುರಿನ ಔಷಧದ ಅಂಗಡಿಯನ್ನೂ ಕಂಡು ಬಂದಿರುತ್ತಾರೆ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ದುಡಿಯಲು ಹೋದವರು, ತಾವು ಇಟ್ಟಿಗೆ ಹೊತ್ತ ಏಳನೆಯ ಅಂತಸ್ತಿನಿಂದ ಇಡೀ ಪಟ್ಟಣವನ್ನು ಕಂಡಿರುತ್ತಾರೆ, ಅದರೊಳಗೆ ಸುತ್ತಾಡಿರುವುದಿಲ್ಲ. ಮದುವೆಯ ಜವಳಿಗೆ ಹೋದವರ ಕಣ್ಣು ಸೀರೆಯ ಅಂಚನ್ನು ಬಿಟ್ಟು ಮೇಲೇಳುವುದಿಲ್ಲ. ಹೀಗೆ ಹತ್ತು ಸಲ ಹೋಗಿಯೂ ಊರನ್ನು ನೋಡದೆ ಉಳಿದವರು ನಮ್ಮಲ್ಲಿ ಸಾವಿರಾರು. ನಾನು ಹೇಳಹೊರಟಿರುವುದು ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ, ನೋಡುವುದಕ್ಕೆಂದೇ ಅಲ್ಲಿಗೆ ಹೋಗುವ ಬಗೆಯನ್ನು.

ಯಾವಾಗ ಹೋಗಬೇಕು? ಪ್ರವಾಸದ ಪುಸ್ತಕಗಳು ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಎನ್ನುತ್ತವೆ, ಅಲ್ಲಿಗೆ ಸುಮ್ಮನಾಗುತ್ತವೆ. ಅವು ಬರೆದಿರುವುದು ದೂರದ ದೇಶದಿಂದ ಬರುವವರಿಗಾಗಿ. ನಮ್ಮ ಲೆಕ್ಕ ಹೊಲದಿಂದ ಮೊದಲಾಗಬೇಕು. ಡಿಸೆಂಬರ್ ಮುಗಿಯುವ ಹೊತ್ತಿಗೆ ತೊಗರಿಯ ರಾಶಿ ಬಹುಮಟ್ಟಿಗೆ ಆಗಿರುತ್ತದೆ, ಹತ್ತಿ ಬಿಡಿಸುವುದು ಮುಗಿಯುತ್ತ ಬಂದಿರುತ್ತದೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ. ಅದನ್ನು ಬಿಟ್ಟು ಹೊರಡೆಂದರೆ ಯಾರೂ ಕೇಳುವವರಲ್ಲ, ಕೇಳಬಾರದು ಕೂಡ. ಮುಂದೆ ಮಾಘದಲ್ಲಿ ತಿಂಥಣಿಯ ಮೌನೇಶ್ವರರ ಜಾತ್ರೆ ಬರುತ್ತದೆ. ಅದರ ಹಿಂದೆಯೇ ಹಿಂಗಾರಿ ಜೋಳದ ಕೊಯ್ಲು. ಈ ಎರಡು ಜಾತ್ರೆಗಳ ನಡುವೆ ಕೆಲವು ವಾರಗಳ ಬಿಡುವು ಸಿಕ್ಕುತ್ತದೆ. ಕೈಯಲ್ಲಿ ಒಂದಿಷ್ಟು ಹಣವಿರುತ್ತದೆ, ಬಿಸಿಲು ಹದವಾಗಿರುತ್ತದೆ. ಅದೇ ಕಾಲಕ್ಕೆ ಹೈದರಾಬಾದಿನ ನಾಂಪಲ್ಲಿಯಲ್ಲಿ ‘ನುಮಾಯಿಷ್’ ಎಂಬ ದೊಡ್ಡ ವಸ್ತುಪ್ರದರ್ಶನವೂ ನಡೆಯುತ್ತಿರುತ್ತದೆ. ಸಾಮಾನ್ಯವಾಗಿ ಜನವರಿ 1ರಿಂದ ಫೆಬ್ರುವರಿ ಮಧ್ಯದವರೆಗೆ. ಕಾಲುವೆಯ ನೀರಿನಲ್ಲಿ ಎರಡನೆಯ ಭತ್ತ ನಾಟಿ ಮಾಡುವವರ ಲೆಕ್ಕ ಬೇರೆ; ಅವರು ನಾಟಿಯ ದಿನಗಳನ್ನು ನೋಡಿಕೊಂಡು ಹೊರಡಬೇಕು.

ಮಕ್ಕಳಿಗೆ ರಜೆಯೆಂದು ಮೇ ತಿಂಗಳಲ್ಲಿ ಹೊರಡುವ ವಾಡಿಕೆ ನಮ್ಮಲ್ಲಿದೆ. ಅದು ನನಗೆ ಒಪ್ಪಿಗೆಯಾಗದ ಮಾತು. ಮನೆಯಲ್ಲಿ ಬೇಯುವ ಬಿಸಿಲಿನಲ್ಲಿ ಅಲ್ಲಿಗೆ ಹೋಗಿ ಕೋಟೆಯ ಕಲ್ಲಿನ ಮೇಲೆ ಬೇಯುವುದು ಯಾವ ಸುಖ? ಜನವರಿಯಲ್ಲಿ ಶಾಲೆಗೆ ಒಂದೆರಡು ದಿನ ತಪ್ಪಿದರೆ ಯಾವ ಮಗುವೂ ದಡ್ಡನಾಗುವುದಿಲ್ಲ. ಗಣೇಶನ ವಿಸರ್ಜನೆಯ ದಿನಗಳಲ್ಲಿ ಮಾತ್ರ, ಹುಸೇನ್ ಸಾಗರದ ಆ ಜನಸಾಗರವನ್ನೇ ನೋಡುವ ಆಸೆಯಿದ್ದರಲ್ಲದೆ, ಪಟ್ಟಣದ ಕಡೆ ಸುಳಿಯದಿರುವುದು ಲೇಸು.

ತಿಂಗಳಿಗಿಂತ ವಾರವೇ ಹೆಚ್ಚು ಜನರನ್ನು ಮೋಸಗೊಳಿಸುತ್ತದೆ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಚೌಮಹಲ್ಲಾ ಅರಮನೆಗೂ ಶುಕ್ರವಾರವೇ. ಮೃಗಾಲಯಕ್ಕೆ ಸೋಮವಾರ. ಶುಕ್ರವಾರ ಮಧ್ಯಾಹ್ನ ಮೆಕ್ಕಾ ಮಸೀದಿಯ ನಮಾಜಿಗೆ ಸೇರುವ ಜನದಿಂದ ಚಾರ್ಮಿನಾರಿನ ಸುತ್ತ ಕಾಲಿಡಲು ಎಡೆಯಿರುವುದಿಲ್ಲ. ಆದ್ದರಿಂದ ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಿಗ್ಗೆ ಅಲ್ಲಿರಬೇಕು. ಶನಿ, ಭಾನು, ಸೋಮ ಮೂರು ದಿನ ಇದ್ದು ಸೋಮವಾರ ರಾತ್ರಿ ಹಿಂತಿರುಗಬೇಕು. ಹುಲಿ ಸಿಂಹಗಳನ್ನು ನೋಡಲೇಬೇಕೆಂದು ಹಟ ಹಿಡಿಯುವ ಮಕ್ಕಳಿದ್ದರೆ ಅದನ್ನು ಭಾನುವಾರಕ್ಕೆ ಹಾಕಿಕೊಳ್ಳಿ.

ದಾರಿಯ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ. ಸುರಪುರಕ್ಕೂ ಶಹಾಪುರಕ್ಕೂ ರೈಲಿಲ್ಲ. ಅಲ್ಲಿಯವರು ಬಸ್ಸಿನಲ್ಲಿ ಭೀಮೆಯನ್ನು ದಾಟಿ ಯಾದಗಿರಿಗೆ ಬರಬೇಕು. ಮುಂಬಯಿ–ಮದರಾಸು ರೈಲುದಾರಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ್ದು 1874ರಲ್ಲಿ. ಇಂದಿಗೂ ಅದೇ ದಾರಿ: ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದು. ನೇರವಾದ ಗಾಡಿ ಸಿಕ್ಕದಿದ್ದರೆ ವಾಡಿಯಲ್ಲಿ ಬದಲಾಯಿಸಬೇಕು. ಗುರುಮಠಕಲ್ ಮೇಲೆ ಹೋಗುವ ಬಸ್ಸಿನ ದಾರಿಯೂ ಉಂಟು. ಎರಡರಲ್ಲಿ ನನಗೆ ರೈಲೇ ಇಷ್ಟ. ರಾತ್ರಿ ಮಲಗಿ ಎದ್ದರೆ ಕಾಲು ಹಗುರವಾಗಿರುತ್ತದೆ. ಮೊದಲ ದಿನ ನಡೆಯಬೇಕಾದ್ದು ಬಹಳ.

ಶನಿವಾರ ಸಾಲಾರ್ ಜಂಗ್ ಸಂಗ್ರಹಾಲಯಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಅಲ್ಲಿಗೆ ಹೋದವರೆಲ್ಲ ಎರಡು ವಸ್ತುಗಳ ಮಾತಾಡುತ್ತಾರೆ: ಗಂಟೆಗೊಮ್ಮೆ ಪುಟ್ಟ ಗೊಂಬೆ ಹೊರಬಂದು ಜಾಗಟೆ ಬಾರಿಸುವ ಗಡಿಯಾರ, ಮುಸುಕು ಹೊದ್ದ ರೆಬೆಕ್ಕಳ ಅಮೃತಶಿಲೆಯ ಮೂರ್ತಿ. ಹನ್ನೆರಡು ಹೊಡೆಯುವುದನ್ನು ನೋಡಲು ಗಡಿಯಾರದ ಮುಂದೆ ಜಾತ್ರೆಯೇ ನೆರೆಯುತ್ತದೆ. ಮುಂದಿನ ಸಾಲು ಬೇಕಾದವರು ಹನ್ನೊಂದೂವರೆಗೇ ಕೂಡಬೇಕು. ಇಟಲಿಯ ಶಿಲ್ಪಿ ಬೆಂಜೋನಿ ಕಡೆದ ರೆಬೆಕ್ಕಳ ಮುಸುಕು ಕಲ್ಲಿನದೆಂದು ನಂಬುವುದೇ ಕಷ್ಟ. ಅದನ್ನು 1876ರಲ್ಲಿ ರೋಮಿನಲ್ಲಿ ಕೊಂಡು ತಂದವರು ಮೊದಲನೆಯ ಸಾಲಾರ್ ಜಂಗರು. ಉಳಿದ ಸಂಗ್ರಹದ ಬಹುಭಾಗ ಅವರ ಮೊಮ್ಮಗ, ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರದು. ಅವರು 1949ರಲ್ಲಿ ತೀರಿಕೊಂಡರು. 1951ರಲ್ಲಿ ಸಂಗ್ರಹಾಲಯ ಸಾರ್ವಜನಿಕರಿಗೆ ತೆರೆಯಿತು. ನಾನು ಸೇರಿಸುವ ಮಾತು ಇಷ್ಟೇ: ದಖ್ಖನಿ ಚಿತ್ರಗಳ ಮುಂದೆ ಸ್ವಲ್ಪ ನಿಲ್ಲಿ. ಸುರಪುರದ ಗರುಡಾದ್ರಿ ಮನೆತನದ ಕಲಾವಿದರು ಬಂಗಾರದ ರೇಖೆಯಿಟ್ಟು ಬರೆದ ಚಿತ್ರಗಳನ್ನು ಬಲ್ಲವರಿಗೆ ಅಲ್ಲಿ ದೂರದ ನೆಂಟರ ಮುಖ ಕಂಡಂತಾಗುತ್ತದೆ.

ಆದರೆ ಸುರಪುರದವರು ಆ ಕಟ್ಟಡದಲ್ಲಿ ನೆನೆಯಬೇಕಾದ ಇನ್ನೊಂದು ಸಂಗತಿ ಉಂಟು. ಮೊದಲನೆಯ ಸಾಲಾರ್ ಜಂಗರು ನಿಜಾಮರ ದಿವಾನರಾಗಿದ್ದಾಗಲೇ, 1858ರ ಫೆಬ್ರುವರಿಯಲ್ಲಿ, ಸುರಪುರ ಬ್ರಿಟಿಷರ ಕೈಸೇರಿತು. ರಾಜಾ ವೆಂಕಟಪ್ಪ ನಾಯಕರು ಕೆಲವೇ ಜನರೊಡನೆ ಕುದುರೆಯೇರಿ ಹೋದದ್ದು ಹೈದರಾಬಾದಿಗೆ. ಅಲ್ಲಿ ಸೆರೆಸಿಕ್ಕ ಅವರನ್ನು ದಿವಾನರು ಬ್ರಿಟಿಷ್ ರೆಸಿಡೆಂಟರಿಗೆ ಒಪ್ಪಿಸಿದರು. ನಾಯಕರು ಬಾಲಕರಾಗಿದ್ದಾಗ ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಸೆರೆಯಲ್ಲಿದ್ದ ಅವರನ್ನು ಕಾಣಲು ಹೋದರು. ನಾಯಕರು ಅವರನ್ನು ಮೊದಲಿನಿಂದಲೂ ‘ಅಪ್ಪಾ’ ಎಂದೇ ಕರೆಯುತ್ತಿದ್ದರು. ದಂಗೆಗೆ ಪ್ರೇರಿಸಿದವರ ಹೆಸರು ಹೇಳಿದರೆ ಶಿಕ್ಷೆ ಹಗುರವಾದೀತೆಂದರೂ ಹೇಳಲಿಲ್ಲವೆಂದು ಟೇಲರರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮರಣದಂಡನೆ ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆವಾಸವಾಯಿತು. ಚೆಂಗಲ್ಪಟ್ಟಿನ ಕೋಟೆಗೆ ಕರೆದೊಯ್ಯುವಾಗ ದಾರಿಯಲ್ಲಿ ಗುಂಡಿಗೆ ಅವರ ಪ್ರಾಣ ಹೋಯಿತು. ಆತ್ಮಹತ್ಯೆ ಎಂದು ಆಂಗ್ಲರ ದಾಖಲೆ ಹೇಳುತ್ತದೆ. ಎರಡು ವರ್ಷಗಳ ಮೇಲೆ, 1860ರಲ್ಲಿ, ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟರು. ಸುರಪುರದ ಸೀಮೆಗೆ ಹೈದರಾಬಾದು ರಾಜಧಾನಿಯಾದದ್ದು ಹೀಗೆ.

ಆ ರೆಸಿಡೆನ್ಸಿಯ ಕಟ್ಟಡ ಕೋಠಿಯಲ್ಲಿ ಇಂದಿಗೂ ಇದೆ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಿರ್ಕ್‌ಪ್ಯಾಟ್ರಿಕ್ ಎಂಬ ರೆಸಿಡೆಂಟ್ ಕಟ್ಟಿಸಿದ ಭವನವದು. ಎತ್ತರದ ಕಂಬಗಳು, ಮೆಟ್ಟಿಲ ಎರಡು ಬದಿಗೂ ಕಲ್ಲಿನ ಸಿಂಹಗಳು. 1857ರ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನರ ಮುಂದಾಳುತನದಲ್ಲಿ ಜನ ಮುತ್ತಿದ್ದು ಇದನ್ನೇ. ಬಹುಕಾಲ ಹೆಣ್ಣುಮಕ್ಕಳ ಕಾಲೇಜಾಗಿದ್ದ ಈ ಆವರಣ ಈಗ ಮಹಿಳಾ ವಿಶ್ವವಿದ್ಯಾಲಯವಾಗಿದೆ. ಶಿಥಿಲವಾಗಿದ್ದ ಭವನವನ್ನು ಇತ್ತೀಚಿನ ವರ್ಷಗಳಲ್ಲಿ ಚೆನ್ನಾಗಿ ದುರಸ್ತಿ ಮಾಡಿದ್ದಾರೆ. ವಿದ್ಯಾಸಂಸ್ಥೆಯಾದ್ದರಿಂದ ಒಳಗೆ ಬಿಡುವ ಸಮಯವನ್ನು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಸುರಪುರದಿಂದ ಬಂದವರು ಚಾರ್ಮಿನಾರನ್ನು ಬಿಟ್ಟರೂ ಇದನ್ನು ಬಿಡಬಾರದೆಂಬುದು ನನ್ನ ಅಭಿಪ್ರಾಯ.

ಚಾರ್ಮಿನಾರನ್ನು ಬಿಡಿ ಎಂದು ಇದರ ಅರ್ಥವಲ್ಲ. ಪಟ್ಟಣ ಹುಟ್ಟಿದ 1591ರಲ್ಲಿಯೇ ಎದ್ದ ಕಟ್ಟಡವದು. ಶನಿವಾರ ಸಂಗ್ರಹಾಲಯ ಮುಗಿಸಿ ನಡೆದೇ ಹೋಗಬಹುದು. ಪಕ್ಕದ ಲಾಡ್ ಬಜಾರಿನಲ್ಲಿ ಅರಗಿನ ಬಳೆಗಳು. ಅಲ್ಲಿ ಚೌಕಾಸಿ ಮಾಡುವ ಚಾತುರ್ಯ ನಮ್ಮ ಹೆಣ್ಣುಮಕ್ಕಳಿಗೆ ನಾನು ಕಲಿಸಬೇಕಾದ್ದಿಲ್ಲ.

ಸಂಗ್ರಹಾಲಯಕ್ಕೂ ಕೋಠಿಗೂ ನಡುವೆ ಮೂಸಿ ನದಿ. ಇಂದು ಅದನ್ನು ನೋಡಿ ನದಿಯೆನ್ನಲು ನಾಲಿಗೆ ಏಳುವುದಿಲ್ಲ. ಆದರೆ 1908ರ ಸೆಪ್ಟೆಂಬರ್ 28ರಂದು ಇದೇ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ದಂಡೆಯ ಆಸ್ಪತ್ರೆಯ ಆವರಣದ ಹುಣಿಸೆಮರವೊಂದನ್ನು ಹತ್ತಿ ಸುಮಾರು 150 ಜನ ಉಳಿದುಕೊಂಡರು. ಆ ಮರಕ್ಕೆ ಜನ ಈಗಲೂ ಗೌರವ ಸಲ್ಲಿಸುತ್ತಾರೆ. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ನದಿ ಪಟ್ಟಣವನ್ನು ಸೇರುವ ಮುನ್ನವೇ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂಬುದು ಅವರ ಉಪಾಯ. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಪ್ರವಾಹ ತಡೆಯಲು ಕಟ್ಟಿದ ಕೆರೆಗಳೇ ಮುಂದೆ ಪಟ್ಟಣಕ್ಕೆ ಕುಡಿಯುವ ನೀರನ್ನೂ ಕೊಟ್ಟವು. 2020ರ ಅಕ್ಟೋಬರಿನಲ್ಲಿ ಭೀಮೆ ಊರೊಳಗೆ ನುಗ್ಗಿದ್ದನ್ನು ಕಂಡವರು ಆ ಸೇತುವೆಯ ಮೇಲೆ ಒಂದು ಕ್ಷಣ ನಿಂತರೆ ವಿಶ್ವೇಶ್ವರಯ್ಯನವರ ಕೆಲಸದ ಬೆಲೆ ತಾನೇ ತಿಳಿಯುತ್ತದೆ.

ಭಾನುವಾರ ಬೆಳಿಗ್ಗೆ ಓದುವ ಚಟವುಳ್ಳವರು ಆಬಿಡ್ಸಿಗೆ ಹೋಗಬೇಕು. ಅಂಗಡಿಗಳು ಬಾಗಿಲು ಹಾಕಿದ ಬೀದಿಯಲ್ಲಿ, ಕಾಲುದಾರಿಯ ಉದ್ದಕ್ಕೂ ಹಳೆಯ ಪುಸ್ತಕಗಳನ್ನು ಹಾಸಿಕೊಂಡು ಕುಳಿತಿರುತ್ತಾರೆ. ಉರ್ದು, ತೆಲುಗು, ಇಂಗ್ಲಿಷ್ ಹೇರಳ. ಅಪರೂಪಕ್ಕೆ ಯಾರದೋ ಸಹಿಯುಳ್ಳ ಕನ್ನಡದ ಪುಸ್ತಕವೂ ಕೈಗೆ ಬಂದೀತು. ಕಾಚಿಗುಡದ ಕಡೆ ಹೋದರೆ ನೃಪತುಂಗನ ಹೆಸರಿನ ಕನ್ನಡ ಶಾಲೆ ಕಾಣುತ್ತದೆ. ಸಂಜೆ ನಾಂಪಲ್ಲಿಯ ನುಮಾಯಿಷ್. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಆರಂಭಿಸಿದ ಈ ಪ್ರದರ್ಶನಕ್ಕೆ ಕಾಶ್ಮೀರದ ಶಾಲು, ಲಖನೌದ ಚಿಕನ್ ಬಟ್ಟೆ ಎಲ್ಲ ಬರುತ್ತವೆ. ಭಾನುವಾರ ಜನ ಕಿಕ್ಕಿರಿಯುತ್ತಾರೆ. ಮಕ್ಕಳ ಜೇಬಿನಲ್ಲಿ ಹೆಸರು, ದೂರವಾಣಿ ಸಂಖ್ಯೆ ಬರೆದ ಚೀಟಿಯಿರಲಿ. 2017ರಿಂದ ಓಡುತ್ತಿರುವ ಮೆಟ್ರೊ ನಾಂಪಲ್ಲಿಗೇ ಇಳಿಸುತ್ತದೆ.

ಸೋಮವಾರವನ್ನು ಪೂರ್ತಿಯಾಗಿ ಗೋಲ್ಕೊಂಡಕ್ಕೆ ಕೊಡಬೇಕು. ಬೆಳಿಗ್ಗೆ ಬೇಗ ಹೋದರೆ ಬಿಸಿಲೇರುವ ಮುನ್ನ ಬಾಲಾಹಿಸಾರಿನ ತುದಿಯಲ್ಲಿರಬಹುದು. ಮೆಟ್ಟಿಲುಗಳು ಮುನ್ನೂರಕ್ಕೂ ಹೆಚ್ಚು. ಯಾದಗಿರಿಯ ಕೋಟೆ ಹತ್ತಿ ಅಭ್ಯಾಸವಿದ್ದವರಿಗೆ ಅದೇನು ಮಹಾ! ಕೆಳಗಿನ ಹೆಬ್ಬಾಗಿಲ ಗುಮ್ಮಟದಡಿ ಚಪ್ಪಾಳೆ ತಟ್ಟಿದರೆ ಮೇಲೆ ಕೇಳಿಸುತ್ತದೆಂದು ಎಲ್ಲರೂ ತೋರಿಸುತ್ತಾರೆ. ಅದನ್ನು ಆಟವೆಂದು ನೋಡಿ ಮುಂದೆ ಹೋಗಬೇಡಿ. ಶತ್ರುವಿನ ಸುದ್ದಿ ಕ್ಷಣದಲ್ಲಿ ಮೇಲಕ್ಕೆ ಮುಟ್ಟಲೆಂದು ಮಾಡಿದ ಏರ್ಪಾಡು ಅದು. ಇಷ್ಟೆಲ್ಲ ಇದ್ದರೂ ಔರಂಗಜೇಬನ ಎಂಟು ತಿಂಗಳ ಮುತ್ತಿಗೆಯ ನಂತರ, 1687ರ ಸೆಪ್ಟೆಂಬರಿನಲ್ಲಿ, ಒಳಗಿನವರೇ ಬಾಗಿಲು ತೆರೆದದ್ದರಿಂದ ಕೋಟೆ ಬಿತ್ತು. ಅದೇ ವರ್ಷ ನಮ್ಮ ಶಹಾಪುರದ ಬಳಿಯ ಸಗರವೂ ಮೊಗಲರ ಕೈಸೇರಿತು. ಬೇಡ ನಾಯಕರು ಅಲ್ಲಿಂದ ಸರಿದು ವಾಗಣಗೇರಾದಲ್ಲಿ ನೆಲೆನಿಂತರು. ಹದಿನೆಂಟು ವರ್ಷಗಳ ಮೇಲೆ, 1705ರಲ್ಲಿ, ಎಂಬತ್ತು ದಾಟಿದ ಚಕ್ರವರ್ತಿ ತಾನೇ ಸೇನೆಯೊಡನೆ ಆ ಸಣ್ಣ ಕೋಟೆಯ ಮುಂದೆ ಬಂದು ಕೂಡಬೇಕಾಯಿತು. ಫೆಬ್ರುವರಿಯಿಂದ ಏಪ್ರಿಲಿನವರೆಗೆ ಮುತ್ತಿಗೆ ನಡೆದು ಕೋಟೆ ಸಿಕ್ಕಿತು, ನಾಯಕ ಸಿಕ್ಕಲಿಲ್ಲ. ಅದೇ ಅವನ ಕೊನೆಯ ಮುತ್ತಿಗೆ. ಅನಂತರ ಕೃಷ್ಣೆಯ ಕಡೆಯ ದೇವಾಪುರದಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಉಳಿದನು.

ಗೋಲ್ಕೊಂಡದ ತುದಿಯಲ್ಲಿ ನಿಂತು ಮಕ್ಕಳಿಗೆ ಇಷ್ಟನ್ನು ಹೇಳಿದರೆ, ವಾಗಣಗೇರಾ ಎಲ್ಲಿದೆ, ನೋಡೋಣ ಎಂದು ಅವರೇ ಕೇಳುತ್ತಾರೆ. ಅದಕ್ಕೆ ರೈಲಿನ ವೇಳಾಪಟ್ಟಿ ಬೇಡ. ಊರಿಗೆ ಮರಳಿದ ಮುಂದಿನ ಭಾನುವಾರ ಸುರಪುರದಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಹಿಂತಿರುಗಬಹುದು.