ಈಲಿ ಕೆಥೀಡ್ರಲಿನ ಅಷ್ಟಕೋನ ಗೋಪುರ: ನಿರ್ಮಾಣ ಮತ್ತು ನಿರ್ಮಾತೃಗಳು

ಇಂಗ್ಲೆಂಡಿನ ಮಧ್ಯಯುಗದ ಕೆಥೀಡ್ರಲುಗಳಲ್ಲಿ, ಎಂದರೆ ಬಿಷಪ್ಪನ ಪೀಠವಿರುವ ಪ್ರಧಾನ ಚರ್ಚುಗಳಲ್ಲಿ, ಈಲಿ ಊರಿನದು ಒಂದು ವಿಶೇಷ ಕಾರಣದಿಂದ ವಿದ್ವಾಂಸರ ಗಮನವನ್ನು ಸೆಳೆದಿದೆ. ಅದರ ನಟ್ಟನಡುವೆ ನಿಂತಿರುವ ಎಂಟು ಮೂಲೆಗಳ ಗೋಪುರಕ್ಕೆ ಸಮಾನವಾದುದು ಆ ದೇಶದ ಮಧ್ಯಯುಗದ ಕಟ್ಟಡಗಳಲ್ಲಿ ಇನ್ನೊಂದಿಲ್ಲ. ಇದನ್ನು ಕಲ್ಪಿಸಿದವರು ಯಾರೆಂಬ ಪ್ರಶ್ನೆಗೆ ಬಹುಕಾಲ ಒಂದೇ ಹೆಸರು ಉತ್ತರವಾಗಿ ನಡೆದುಬಂದಿತು. ಆ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಮಠದ ವೃತ್ತಾಂತ, ಮಠದ ಲೆಕ್ಕಪತ್ರ, ಸ್ವತಃ ಕಟ್ಟಡ ಎಂಬ ಮೂರು ಆಧಾರಗಳಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈಲಿ ಕೇಂಬ್ರಿಜಿನ ಉತ್ತರಕ್ಕೆ, ಫೆನ್ ಎಂದು ಹೆಸರಾದ ಜೌಗು ಪ್ರದೇಶದ ನಡುವೆ, ತುಸು ಎತ್ತರವಾದ ದಿಣ್ಣೆಯ ಮೇಲಿದೆ. ಸುತ್ತಲಿನ ನೀರನ್ನು ಬಸಿದು ಹೊಲ ಮಾಡುವುದಕ್ಕೆ ಮುಂಚೆ ಇದೊಂದು ದ್ವೀಪವೇ ಆಗಿತ್ತು. 673ರಲ್ಲಿ ರಾಣಿ ಎಥೆಲ್ಡ್ರೆಡಾ ಇಲ್ಲಿ ಮಠವೊಂದನ್ನು ಸ್ಥಾಪಿಸಿದಳು. ಡೇನರ ದಾಳಿಯಿಂದ ಹಾಳಾದ ಆ ಮಠವನ್ನು 970ರಲ್ಲಿ ಬೆನೆಡಿಕ್ಟನ ಪಂಥದ ಸಂನ್ಯಾಸಿಗಳಿಗಾಗಿ ಪುನಃ ಸ್ಥಾಪಿಸಲಾಯಿತು. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ, 1083ರ ಸುಮಾರಿಗೆ, ಮಠಾಧಿಪತಿ ಸಿಮಿಯನ್ ಈಗಿನ ಕಟ್ಟಡವನ್ನು ಆರಂಭಿಸಿದನು. 1109ರಲ್ಲಿ ಈಲಿ ಬಿಷಪ್ಪನ ಪೀಠವಾಯಿತು. ಕಲ್ಲು ಬಂದುದು ಪೀಟರ್‌ಬರೋ ಮಠಕ್ಕೆ ಸೇರಿದ ಬಾರ್ನಾಕಿನ ಗಣಿಗಳಿಂದ. ಅದಕ್ಕೆ ಈಲಿಯವರು ವರ್ಷಕ್ಕೆ 8,000 ಹಾವುಮೀನುಗಳನ್ನು ತೆರುತ್ತಿದ್ದರಂತೆ. ಕಟ್ಟಡದ ತಳವಿನ್ಯಾಸ ಶಿಲುಬೆಯಾಕಾರದ್ದು. ಉದ್ದವಾದ ನಡುವಂಕಣವೂ ಅಡ್ಡತೋಳುಗಳೂ ಕೂಡುವ ಚೌಕದಲ್ಲಿ ನಾಲ್ಕು ಭಾರಿ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಕಲ್ಲಿನ ಗೋಪುರವನ್ನು ಎತ್ತಿದ್ದರು.

1322ನೆಯ ಇಸವಿ ಫೆಬ್ರವರಿ 12-13ರ ರಾತ್ರಿ ಈ ಗೋಪುರ ಕುಸಿಯಿತು. ಪ್ರಾರ್ಥನೆಯನ್ನು ಮುಗಿಸಿ ಸಂನ್ಯಾಸಿಗಳು ಮಲಗುವ ಮನೆಗೆ ಹಿಂದಿರುಗುತ್ತಿದ್ದ ಹೊತ್ತು; ಭೂಮಿಯೇ ನಡುಗಿತೆಂದು ಜನ ಭಾವಿಸಿದರೆಂದೂ, ಆದರೂ ಒಬ್ಬರಿಗೂ ಅಪಾಯವಾಗಲಿಲ್ಲವೆಂದೂ ಮಠದ ವೃತ್ತಾಂತಕಾರ ಹೇಳುತ್ತಾನೆ. ಗೋಪುರದ ಪೂರ್ವಕ್ಕಿದ್ದ ಮೂರು ಅಂಕಣಗಳೂ ಅದರೊಡನೆ ನಾಶವಾದವು. ಹಿಂದಿನ ವರ್ಷವಷ್ಟೆ ಸಮೀಪದಲ್ಲಿ ಮೇರಿಮಾತೆಯ ಗುಡಿಗೆ ಪಾಯ ತೋಡಿದ್ದರು. ಅದರಿಂದ ನೆಲ ಸಡಿಲಿಸಿರಬೇಕೆಂದು ಕೆಲವರ ಊಹೆ.

ಆಗ ಕಟ್ಟಡದ ಹೊಣೆ ಹೊತ್ತಿದ್ದವನು ವಾಲ್ಸಿಂಗ್‌ಹ್ಯಾಮಿನ ಆಲನ್. ಅವನ ಅಧಿಕಾರದ ಹೆಸರು ಸ್ಯಾಕ್ರಿಸ್ಟ್. ನಮ್ಮ ದೇವಾಲಯಗಳ ಪಾರುಪತ್ತೇಗಾರನಿಗೆ ಅವನನ್ನು ಒಂದು ಮಟ್ಟಿಗೆ ಹೋಲಿಸಬಹುದು. ವೃತ್ತಾಂತದ ಪ್ರಕಾರ ಅವನು ಮೊದಲು ಶೋಕದಿಂದ ದಿಕ್ಕುಗಾಣದಾದನು. ಬಳಿಕ ಧೈರ್ಯ ತಂದುಕೊಂಡು ಕಲ್ಲುಮರಗಳ ರಾಶಿಯನ್ನು ತೆಗೆಯಿಸಿ, ಶಿಲ್ಪಶಾಸ್ತ್ರದ ಕ್ರಮದಂತೆ ಎಂಟು ಎಡೆಗಳನ್ನು ಅಳೆದು ಗುರುತಿಸಿ, ಗಟ್ಟಿನೆಲ ಸಿಕ್ಕುವವರೆಗೂ ಅಗೆಯಿಸಿದನು. ಮಹತ್ವದ ನಿರ್ಧಾರವಿರುವುದು ಇಲ್ಲಿಯೇ. ನಾಲ್ಕು ಕಂಬಗಳನ್ನು ಮೊದಲಿದ್ದೆಡೆಯಲ್ಲಿಯೇ ಮತ್ತೆ ಎಬ್ಬಿಸುವುದು ರೂಢಿಯ ಮಾರ್ಗ. ಅದನ್ನು ಬಿಟ್ಟು ಭಾರವನ್ನು ಎಂಟು ಕಡೆಗೆ ಹಂಚಿ, ಹೊರಕ್ಕೆ ಸರಿಸಿದರು. ಇದರಿಂದ ನಡುವಂಕಣದ ಅಗಲವನ್ನಷ್ಟೇ ಅಲ್ಲದೆ ಅದರ ಎರಡು ಪಕ್ಕದ ಅಂಕಣಗಳನ್ನೂ ಒಳಗೊಳ್ಳುವ, 70 ಅಡಿಗೂ ಮೀರಿದ ವಿಶಾಲವಾದ ತೆರಪು ದೊರೆಯಿತು. ಕಲ್ಲಿನ ಕೆಲಸ 1328ರಲ್ಲಿ ಮುಗಿಯಿತು.

ಆದರೆ ಇಷ್ಟು ಅಗಲವಾದ ತೆರಪನ್ನು ಮುಚ್ಚುವುದು ಹೇಗೆ? ಕಲ್ಲಿನ ಕಮಾನು ಛಾವಣಿಯನ್ನು ಹರಡಿದರೆ ಅದರ ಭಾರವೂ ಹೊರಮುಖವಾದ ಒತ್ತಡವೂ ಕಂಬಗಳಿಗೆ ಅಪಾಯಕರ. ಆದುದರಿಂದ ಇಲ್ಲಿಂದ ಮೇಲಕ್ಕೆ ಮರವನ್ನೇ ಬಳಸಿದರು. ಕಂಬಗಳ ನೆತ್ತಿಯಿಂದ ಒಳಕ್ಕೆ ಚಾಚುವ ಕಲ್ಲಿನಂತೆ ತೋರುವ ಏಣುಗಳು ವಾಸ್ತವವಾಗಿ ಮರದವು. ಭಾರವನ್ನು ಹೊತ್ತಿರುವವು ಅವೂ ಅಲ್ಲ. ಅವುಗಳ ಹಿಂದೆ, ಕಣ್ಣಿಗೆ ಕಾಣದಂತೆ, ದಪ್ಪನಾದ ಓಕ್ ತೊಲೆಗಳು ಒಂದೊಂದು ಮೂಲೆಯಿಂದ ಎರಡೆರಡರಂತೆ ಹೊರಟು, ಮೇಲಿನ ಲಾಂದ್ರಗೋಪುರವನ್ನು ಎತ್ತಿಹಿಡಿದಿವೆ. ಈ ಲಾಂದ್ರಗೋಪುರದ ಎಂಟು ಮೂಲೆಗಂಬಗಳು ಸುಮಾರು 63 ಅಡಿ ಉದ್ದದ ಓಕ್ ದಿಮ್ಮಿಗಳು. ಅವುಗಳಲ್ಲಿ ಒಂದೂ ನೆಲಕ್ಕೆ ಇಳಿಯುವುದಿಲ್ಲ. ಕೆಳಗಿನ ಅಷ್ಟಕೋನದ ಬಾಹುಗಳು ಸಮವಲ್ಲ. ಮೇಲಿನದು ಸಮಬಾಹುವಾಗಿದ್ದು, ಅದರ ಮೂಲೆಗಳು ಕೆಳಗಿನ ಮೂಲೆಗಳ ನೇರಕ್ಕೆ ಬಾರದಂತೆ ತಿರುಗಿಸಿ ಇಟ್ಟಿದೆ. ಹೀಗಾಗಿ ಮೇಲಿನ ಒಂದೊಂದು ಕಂಬಕ್ಕೂ ಕೆಳಗಿನ ಎರಡು ಮೂಲೆಗಳ ಆಸರೆಯುಂಟು. ಮರಗೆಲಸ 1342ರ ವೇಳೆಗೆ ಪೂರೈಸಿತು.

ಇದೆಲ್ಲವೂ ಆಲನ್ನನೊಬ್ಬನ ಪ್ರತಿಭೆಯೇ? ವೃತ್ತಾಂತವನ್ನು ಮಾತ್ರ ಓದಿದವರು ಹಾಗೆಯೇ ತಿಳಿದರು. ಸ್ಯಾಕ್ರಿಸ್ಟನ ಲೆಕ್ಕದ ಸುರುಳಿಗಳು 1907ರಲ್ಲಿ ಅಚ್ಚಾದ ಮೇಲೆ ಬೇರೆ ಹೆಸರುಗಳು ಬೆಳಕಿಗೆ ಬಂದವು. ಹೊಸ ಕೆಲಸವನ್ನು ಗೊತ್ತುಪಡಿಸಲು ಲಂಡನ್ನಿನಿಂದ ಬಂದ ಒಬ್ಬನಿಗೆ 3 ಷಿಲಿಂಗು 4 ಪೆನ್ಸು ಸಂದಿದೆ; ಅವನ ಹೆಸರನ್ನು ಬರೆದಿಲ್ಲ. ಬಡಗಿ ವಿಲಿಯಂ ಹರ್ಲಿಗೆ ವರ್ಷಕ್ಕೆ 8 ಪೌಂಡು ಸಲ್ಲುತ್ತಿತ್ತು. ಈತ ವೆಸ್ಟ್‌ಮಿನ್‌ಸ್ಟರಿನ ಸಂತ ಸ್ಟೀಫನ್ನನ ಗುಡಿಯಲ್ಲಿ ಕೆಲಸಮಾಡಿ, 1336ರಲ್ಲಿ ಅರಸನ ಬಡಗಿಗಳಿಗೆ ಮುಖ್ಯಸ್ಥನಾದವನು. ಮರಗಳಿಗಾಗಿ ಬೆಡ್‌ಫರ್ಡ್ ಪ್ರಾಂತದ ಚಿಕ್‌ಸ್ಯಾಂಡ್ಸಿನವರೆಗೂ ಹೋದುದು ಅಲ್ಲಿ ದಾಖಲಾಗಿದೆ. ಲಾಂದ್ರಗೋಪುರದ ನೆತ್ತಿಯ ನಡುವಣ ಬಿಲ್ಲೆಯಲ್ಲಿ ಕ್ರಿಸ್ತನ ಮೂರ್ತಿಯನ್ನು ಕೆತ್ತಿದವನು ಬರ್‌ವೆಲ್ಲಿನ ಜಾನ್. ಅವನಿಗೆ ದೊರೆತುದು 2 ಷಿಲಿಂಗು ಮತ್ತು ಊಟ.

ಈ ಎರಡು ಆಧಾರಗಳು ಪರಸ್ಪರ ವಿರುದ್ಧವೆಂದು ತಿಳಿಯಬೇಕಾಗಿಲ್ಲ. ವೃತ್ತಾಂತಕಾರನ ಲಕ್ಷ್ಯ ಮಠದ ಕೀರ್ತಿ. ಕೂಲಿ ಪಡೆದವರ ಹೆಸರು ಅವನಿಗೆ ಅಪ್ರಸ್ತುತ. ಲೆಕ್ಕ ಬರೆದವನಿಗೆ ಬೇಕಾದುದು ಹಣದ ವಿವರ. ಸಂಬಳವಿಲ್ಲದ ಸಂನ್ಯಾಸಿಯ ಯೋಚನೆ ಅವನ ಪುಟದಲ್ಲಿ ಸೇರದು. ಕಟ್ಟಡದ ಸಾಕ್ಷ್ಯವನ್ನಾದರೂ ಎಚ್ಚರದಿಂದಲೇ ಗ್ರಹಿಸಬೇಕು. ಜೇಮ್ಸ್ ಎಸ್ಸೆಕ್ಸನು 1757ರಿಂದ 1762ರವರೆಗೆ ಅದನ್ನು ದುರಸ್ತುಮಾಡಿದನು. ಲಾಂದ್ರಗೋಪುರದ ಈಗಿನ ಹೊರರೂಪ 19ನೆಯ ಶತಮಾನದಲ್ಲಿ ಗಿಲ್ಬರ್ಟ್ ಸ್ಕಾಟನ ಜೀರ್ಣೋದ್ಧಾರದಿಂದ ಬಂದುದು. ಒಳಗಿನ ದೇವದೂತರ ಚಿತ್ರಗಳೂ ಆ ಶತಮಾನದವೇ. ಆದರೆ ಮೂಲರಚನೆಯಲ್ಲಿ ಎರಡು ವಿದ್ಯೆಗಳ ಗುರುತು ಸ್ಪಷ್ಟವಾಗಿದೆ: ಎಂಟು ಎಡೆಗಳಲ್ಲಿ ಪಾಯವಿಡಿಸಿದ ಧೈರ್ಯ ಒಂದು, 63 ಅಡಿಯ ದಿಮ್ಮಿಗಳನ್ನು ಅಂತರದಲ್ಲಿ ನಿಲ್ಲಿಸಿದ ಬಡಗಿಯ ಬಲ್ಮೆ ಇನ್ನೊಂದು. ಮೊದಲನೆಯದು ಆಲನ್ನನ ಪಾಲಿಗೂ ಎರಡನೆಯದು ಹರ್ಲಿಯ ಪಾಲಿಗೂ ಸೇರಬೇಕೆಂಬುದು ಯುಕ್ತವಾದ ನಿರ್ಣಯ. ಲಂಡನ್ನಿನಿಂದ ಬಂದ ಆ ಅನಾಮಧೇಯನಿಗೂ ಅದರಲ್ಲಿ ಪಾಲುಂಟು. 1341ರಲ್ಲಿ ಆಲನ್ ಮಠದ ಪ್ರಯರ್ ಪದವಿಗೆ ಏರಿದನು. ಅವನ ಹೆಸರು ಉಳಿದುಬರಲು ಮಠದ ಲೇಖನಿಯೇ ಸಾಕಾಯಿತು. ಉಳಿದವರ ಹೆಸರನ್ನು ಕಾಪಾಡಿದುದು ಒಂದು ಖರ್ಚಿನ ಲೆಕ್ಕ.