ಕಚೇರಿಯ ಗಣಕಯಂತ್ರಕ್ಕೆ ಕಾಣದ ಕಾವಲು

ಗೂಢಲಿಪಿಯಲ್ಲಿ ಬರೆದ ಕಾಗದವನ್ನು ನಡುದಾರಿಯಲ್ಲಿ ಯಾರೂ ಓದಲಾರರು. ಹೀಗಿರುವಾಗ, ನೌಕರನೊಬ್ಬನು ಕಚೇರಿಯ ಗಣಕಯಂತ್ರದ ಮುಂದೆ ಕುಳಿತು ಅಂತರಜಾಲದಲ್ಲಿ ಏನನ್ನು ಓದಿದನು, ಏನನ್ನು ಬರೆದನು ಎಂಬುದು ಮಾಲೀಕರಿಗೆ ತಿಳಿಯುವುದಾದರೂ ಹೇಗೆ? ಇನ್ನು ಕೆಲವೇ ವರ್ಷಗಳಲ್ಲಿ ಅಂಥ ಯಂತ್ರದ ಮುಂದೆಯೇ ಕುಳಿತುಕೊಳ್ಳಲಿರುವ ವಿದ್ಯಾರ್ಥಿಗಳು ಇದನ್ನು ಅರಿತಿರುವುದು ಅವಶ್ಯಕವೆಂದು ನಮಗೆ ತೋರುತ್ತದೆ.

ನಾವು ಜಾಲತಾಣದ ಹೆಸರನ್ನು ಬೆರಳಚ್ಚಿಸಿದೊಡನೆ ಬ್ರೌಸರು ಆ ಹೆಸರಿಗೆ ಸಲ್ಲುವ ಅಂಕೆಯ ವಿಳಾಸವನ್ನು ಡಿಎನ್‌ಎಸ್ ಎಂಬ ವ್ಯವಸ್ಥೆಯಿಂದ ಕೇಳಿ ತಿಳಿಯುತ್ತದೆ. ಎಷ್ಟೋ ಕಚೇರಿಗಳಲ್ಲಿ ಈ ಪ್ರಶ್ನೆ ಕಚೇರಿಯದೇ ಆದ ಸರ್ವರಿಗೆ ಹೋಗುತ್ತದೆ. ನಿಷಿದ್ಧ ತಾಣಗಳ ಪಟ್ಟಿಯಲ್ಲಿ ಆ ಹೆಸರಿದ್ದರೆ ಸರಿಯಾದ ಉತ್ತರ ಬಾರದು. ಪಯಣ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೂ, ಕೇಳಿದ ಯಂತ್ರ ಯಾವುದು, ಕೇಳಿದ ವೇಳೆ ಯಾವುದು ಎಂಬ ದಾಖಲೆ ಉಳಿಯಬಹುದು. ಇದು ಲಕೋಟೆಯ ಮೇಲಿನ ವಿಳಾಸವನ್ನು ಓದಿದಂತೆ.

ಲಕೋಟೆಯನ್ನು ಒಡೆಯುವ ಉಪಾಯ ಬೇರೆ. ಅದು ಬಹು ಸ್ವಾರಸ್ಯವಾದುದು. ಬ್ರೌಸರು ಯಾವ ತಾಣವನ್ನೂ ಅದರ ಬಾಯಿಮಾತಿನಿಂದ ನಂಬುವುದಿಲ್ಲ, "ನೀನೇ ಬ್ಯಾಂಕೆಂಬುದಕ್ಕೆ ಸಾಕ್ಷಿಯೇನು?" ಎಂದು ಪ್ರಮಾಣಪತ್ರವನ್ನು ಕೇಳುತ್ತದೆ. ಅದಕ್ಕೆ ಸಹಿ ಹಾಕಿದ ಸಂಸ್ಥೆಯ ಹೆಸರು ಯಂತ್ರದೊಳಗಿನ ನಂಬಿಕಸ್ಥರ ಪಟ್ಟಿಯಲ್ಲಿರಬೇಕು. ಈ ಪಟ್ಟಿಗೆ ಹೊಸ ಹೆಸರನ್ನು ಸೇರಿಸುವ ಅಧಿಕಾರವಾದರೋ ಯಂತ್ರದ ಯಜಮಾನನದು! ಕಚೇರಿಯು ತನ್ನ ಹೆಸರನ್ನೇ ಅಲ್ಲಿ ಸೇರಿಸಿ, ದಾರಿಯಲ್ಲಿ ಪ್ರಾಕ್ಸಿ ಎಂಬ ಮಧ್ಯವರ್ತಿಯನ್ನು ಕೂರಿಸುತ್ತದೆ. ಅದು ನೌಕರನಿಗೆ ತಾನೇ ಜಾಲತಾಣವೆಂದೂ ಜಾಲತಾಣಕ್ಕೆ ತಾನೇ ನೌಕರನ ಬ್ರೌಸರೆಂದೂ ತೋರಿಸಿಕೊಂಡು, ಒಂದು ಕಡೆಯಿಂದ ಬಂದ ಗೂಢಲಿಪಿಯನ್ನು ಬಿಡಿಸಿ, ಪರಿಶೀಲಿಸಿ, ಮತ್ತೆ ಗೂಢಲಿಪಿಯಾಗಿಸಿ ಇನ್ನೊಂದು ಕಡೆಗೆ ಕಳುಹಿಸುತ್ತದೆ. ಗೂಢಲಿಪಿಯ ಗಣಿತವನ್ನು ಇಲ್ಲಿ ಯಾರೂ ಭೇದಿಸಿಲ್ಲವೆಂಬುದನ್ನು ಗಮನಿಸಬೇಕು. ಆದುದರಿಂದ ಬ್ರೌಸರು ಸಾಮಾನ್ಯವಾಗಿ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆದರೂ ವಿಳಾಸದ ಪಕ್ಕದ ಚಿಹ್ನೆಯನ್ನು ಒತ್ತಿ ಪ್ರಮಾಣಪತ್ರವನ್ನು ತೆರೆದು ನೋಡಿದರೆ, ಅದನ್ನು ಕೊಟ್ಟವರ ಜಾಗದಲ್ಲಿ ಕಚೇರಿಯ ಹೆಸರೋ ಕಾವಲು ತಂತ್ರಾಂಶದ ಹೆಸರೋ ಕಣ್ಣಿಗೆ ಬೀಳಬಹುದು.

ಯಂತ್ರದೊಳಗೇ ನೆಲೆಸಿ ಕೀಲಿಮಣೆಯ ಒತ್ತುಗಳನ್ನೂ ತೆರೆಯ ಚಿತ್ರಗಳನ್ನೂ ಸಂಗ್ರಹಿಸುವ ತಂತ್ರಾಂಶಕ್ಕೆ ಇಷ್ಟು ಶ್ರಮವೂ ಬೇಡ. ಅಕ್ಷರ ಗೂಢಲಿಪಿಯಾಗುವ ಮೊದಲೇ ಅದು ಓದಿರುತ್ತದೆ.

ದುಷ್ಟ ತಂತ್ರಾಂಶವನ್ನು ತಡೆಯಲು, ಗ್ರಾಹಕರ ಮಾಹಿತಿ ಸೋರದಂತೆ ಕಾಯಲು ಇಂಥ ಕಾವಲು ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಕ್ಷರಗಳನ್ನಷ್ಟೇ ನೋಡಿ ಸೋಸುವ ತಂತ್ರಾಂಶಕ್ಕೆ ಅರ್ಥಜ್ಞಾನವಿಲ್ಲ. ಕಚೇರಿಯ ಉದಾಹರಣೆಯಲ್ಲದಿದ್ದರೂ ಒಂದನ್ನು ಹೇಳಬಹುದು: 1996ರಲ್ಲಿ ಇಂಗ್ಲೆಂಡಿನ ಸ್ಕಂಥಾರ್ಪ್ ಪಟ್ಟಣದವರು ಅಮೆರಿಕ ಆನ್‌ಲೈನ್ ಸೇವೆಯಲ್ಲಿ ಖಾತೆ ತೆರೆಯಲಾರದೆ ಹೋದರು. ಊರಿನ ಹೆಸರಿನೊಳಗೆ ನಾಲ್ಕು ಅಕ್ಷರಗಳ ಅಶ್ಲೀಲ ಪದವೊಂದು ಅಡಗಿತ್ತು!

ಕಾವಲಿಗೆ ಮೇರೆ ಯಾವುದು? ರುಮೇನಿಯದಲ್ಲಿ ಬರ್ಬುಲೆಸ್ಕು ಎಂಬ ಇಂಜಿನಿಯರರು, ಗ್ರಾಹಕರಿಗೆ ಉತ್ತರಿಸಲೆಂದು ತೆರೆದಿದ್ದ ಯಾಹೂ ಮೆಸೆಂಜರ್ ಖಾತೆಯಿಂದ ಸೋದರನಿಗೂ ತಾವು ವರಿಸಲಿದ್ದ ಕನ್ಯೆಗೂ ಬರೆದಿದ್ದರು. ಮಾಲೀಕರು ಅವನ್ನು ಸಂಗ್ರಹಿಸಿ 2007ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಸ್ವಂತ ಕೆಲಸಕ್ಕೆ ಯಂತ್ರವನ್ನು ಬಳಸಬಾರದೆಂಬ ನಿಯಮ ಅವರಿಗೆ ತಿಳಿದಿತ್ತು. ಆದರೆ ಕಾವಲಿನ ವಿಸ್ತಾರವೆಷ್ಟು, ಮಾತುಗಳನ್ನೇ ಓದಲಾಗುವುದೇ ಎಂಬುದನ್ನು ಮುಂಚಿತವಾಗಿ ತಿಳಿಸಿದಂತೆ ತೋರದೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠವು 2017ರ ಸೆಪ್ಟೆಂಬರ್ 5ರಂದು, 11ಕ್ಕೆ 6 ಮತಗಳಿಂದ, ಅವರ ಪರವಾಗಿ ತೀರ್ಪಿತ್ತಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಾದರೋ, ಮಾಲೀಕರನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕಾದರೆ ನೌಕರನ ಒಪ್ಪಿಗೆಯಿಲ್ಲದೆಯೂ ಅವನ ಮಾಹಿತಿಯನ್ನು ಬಳಸಬಹುದೆನ್ನುತ್ತದೆ. ಬೇಹುಗಾರಿಕೆಯನ್ನು ತಡೆಯುವುದು, ವ್ಯಾಪಾರದ ಗುಟ್ಟನ್ನು ಕಾಯ್ದುಕೊಳ್ಳುವುದು ಅಂಥ ಉದ್ದೇಶಗಳೆಂದು ಹೆಸರಿಸುತ್ತದೆ.