ಹಿಂಬದಿ ಎಂಜಿನ್‌ನ ಹಳೆಯ ಅಮೆರಿಕನ್ ಕಾರುಗಳ ನಿರ್ವಹಣೆ ಮತ್ತು ಪುನರುಜ್ಜೀವನ: ಮಾಲೀಕರು ಹಾಗೂ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಐವತ್ತು ವರ್ಷ ಮೀರಿದ ಮೋಟಾರು ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಲು ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ಕ್ಕೆ ತಿದ್ದುಪಡಿ ತಂದಿರುತ್ತದೆ. ಈ ನಿಯಮಗಳು ವಿದೇಶದಿಂದ ಆಮದಾದ ವಾಹನಗಳಿಗೂ ಅನ್ವಯಿಸುತ್ತವೆ. ನೋಂದಣಿಗೆ ವಾಹನದ ವಯಸ್ಸು ಮಾತ್ರ ಸಾಲದು. ವಾಹನವು ತನ್ನ ಮೂಲ ರೂಪದಲ್ಲಿಯೇ ಇರತಕ್ಕದ್ದು.

ಅಮೆರಿಕದಲ್ಲಿ ತಯಾರಾದ ಹಿಂಬದಿ ಎಂಜಿನ್‌ನ ಕಾರುಗಳ ರಚನೆಯು ಸಾಮಾನ್ಯ ಕಾರುಗಳಿಗಿಂತ ಭಿನ್ನವಾಗಿದೆ. ಇತರ ಕಾರುಗಳಲ್ಲಿ ಸಣ್ಣ ದೋಷಗಳೆಂದು ಪರಿಗಣಿಸಲ್ಪಡುವ ಬೆಲ್ಟಿನ ಸಡಿಲತೆ, ಎಣ್ಣೆಯ ಸೋರಿಕೆ, ಟೈರಿನ ಗಾಳಿಯ ವ್ಯತ್ಯಾಸ ಇತ್ಯಾದಿಗಳು ಈ ಕಾರುಗಳಲ್ಲಿ ಪ್ರಯಾಣಿಕರ ಸುರಕ್ಷತೆಗೆ ನೇರವಾಗಿ ಸಂಬಂಧಿಸಿರುತ್ತವೆ. ಆದುದರಿಂದ ಇಂತಹ ಕಾರನ್ನು ಹೊಂದಿರುವವರ ಹಾಗೂ ಪಡೆಯಲಿಚ್ಛಿಸುವವರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಹಿನ್ನೆಲೆ

ಅಮೆರಿಕದ ಕಾರುಗಳಲ್ಲಿ ಎಂಜಿನ್ ಸಾಮಾನ್ಯವಾಗಿ ಮುಂಭಾಗದಲ್ಲಿರುತ್ತಿತ್ತು. ಇದಕ್ಕೆ ಅಪವಾದವಾದವುಗಳು ಕೆಲವೇ. 1930ರ ದಶಕದ ಸ್ಟೌಟ್ ಸ್ಕಾರಬ್ ಹಾಗೂ 1948ರ ಟಕರ್ ಕಾರುಗಳು ಅತಿ ಕಡಿಮೆ ಸಂಖ್ಯೆಯಲ್ಲಿ ತಯಾರಾದವು. ಟಕರ್ ಕಾರುಗಳ ಒಟ್ಟು ಸಂಖ್ಯೆ 51 ಮಾತ್ರ. ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಜನಸಾಮಾನ್ಯರ ಕೈಸೇರಿದ ಹಿಂಬದಿ ಎಂಜಿನ್‌ನ ಅಮೆರಿಕನ್ ಕಾರೆಂದರೆ ಜನರಲ್ ಮೋಟಾರ್ಸ್ ಸಂಸ್ಥೆಯ ಷೆವ್ರೊಲೆ ಕೋರ್ವೇರ್. ಇದು 1959ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದು, 1969ರ ಮೇ ತಿಂಗಳವರೆಗೆ ತಯಾರಾಯಿತು. ಈ ಅವಧಿಯಲ್ಲಿ ಸುಮಾರು 18 ಲಕ್ಷ ಕಾರುಗಳು ಕಾರ್ಖಾನೆಯಿಂದ ಹೊರಬಂದವು. ಇಂದು ಪುನರುಜ್ಜೀವನಕ್ಕೆ ಒಳಪಡುವ ಈ ವರ್ಗದ ಕಾರುಗಳಲ್ಲಿ ಬಹುಪಾಲು ಕೋರ್ವೇರ್ ಆಗಿರುವುದರಿಂದ, ಮುಂದಿನ ವಿವರಗಳನ್ನು ಅದಕ್ಕೆ ಅನ್ವಯಿಸಿ ನೀಡಲಾಗಿದೆ.

3. ಎಂಜಿನ್ ಮತ್ತು ಫ್ಯಾನ್ ಬೆಲ್ಟ್

ಕೋರ್ವೇರ್ ಕಾರಿನಲ್ಲಿ ರೇಡಿಯೇಟರ್ ಇಲ್ಲ. ಅಲ್ಯೂಮಿನಿಯಂನಿಂದ ತಯಾರಾದ ಇದರ ಎಂಜಿನ್‌ನಲ್ಲಿ ಎರಡೂ ಬದಿಗೆ ಮೂರರಂತೆ ಆರು ಸಿಲಿಂಡರುಗಳು ಅಡ್ಡಲಾಗಿ ಜೋಡಣೆಗೊಂಡಿವೆ. ಎಂಜಿನ್‌ನ ಮೇಲೆ ಮಟ್ಟಸವಾಗಿ ಮಲಗಿಸಿದಂತಿರುವ ಫ್ಯಾನ್ ಗಾಳಿಯನ್ನು ಕೆಳಕ್ಕೆ ತಳ್ಳಿ ಸಿಲಿಂಡರುಗಳನ್ನು ತಂಪಾಗಿಡುತ್ತದೆ.

ಎಂಜಿನ್‌ನ ಪುಲ್ಲಿ ನೆಟ್ಟಗೆ ತಿರುಗಿದರೆ, ಫ್ಯಾನಿನ ಪುಲ್ಲಿ ಅಡ್ಡಲಾಗಿ ತಿರುಗುತ್ತದೆ. ಆದಕಾರಣ ಒಂದೇ ಬೆಲ್ಟ್ ಎರಡು ಕಡೆಗಳಲ್ಲಿ ಲಂಬವಾಗಿ ಹೊರಳಿ ಓಡಬೇಕಾಗುತ್ತದೆ. ಈ ಬೆಲ್ಟ್ ತುಂಡಾದಲ್ಲಿ ಅಥವಾ ಕಳಚಿಕೊಂಡಲ್ಲಿ ಬ್ಯಾಟರಿಯ ಚಾರ್ಜಿಂಗ್ ಹಾಗೂ ಎಂಜಿನ್‌ಗೆ ತಂಪು ಗಾಳಿ ಏಕಕಾಲಕ್ಕೆ ನಿಲ್ಲುತ್ತವೆ. ಹಾಗೆಯೇ ಓಡಿಸಿದಲ್ಲಿ ಎಂಜಿನ್ ಅತಿಯಾಗಿ ಕಾದು, ಅಲ್ಯೂಮಿನಿಯಂ ಹೆಡ್‌ನಲ್ಲಿ ಕೂರಿಸಿರುವ ಉಕ್ಕಿನ ವಾಲ್ವ್ ಸೀಟು ಸಡಿಲಗೊಂಡು ಕಳಚಬಹುದು. ಮಾಲೀಕರು ಗಮನಿಸಬೇಕಾದ ಅಂಶಗಳು:

• ತಯಾರಕರು ಸೂಚಿಸಿರುವ, ಹೊರಮೈಗೆ ಬಟ್ಟೆ ಸುತ್ತಿರುವ ಬೆಲ್ಟನ್ನೇ ಬಳಸುವುದು. ಅಂಚು ತೆರೆದಿರುವ ಸಾಮಾನ್ಯ ಬೆಲ್ಟುಗಳು ಈ ಹೊರಳುವಿಕೆಯನ್ನು ಬಹುಕಾಲ ತಾಳಲಾರವು.
• ಬೆಲ್ಟನ್ನು ಅತಿಯಾಗಿ ಬಿಗಿ ಮಾಡಬಾರದು. ಬಿಗಿ ಹೆಚ್ಚಿದಲ್ಲಿ ಬೆಲ್ಟ್ ಹಾಗೂ ಫ್ಯಾನಿನ ಬೇರಿಂಗ್ ಎರಡೂ ಬೇಗನೆ ಹಾಳಾಗುತ್ತವೆ.
• ಪುಲ್ಲಿಗಳು ನೇರವಾಗಿರುವುದನ್ನೂ ಅವುಗಳ ಮೈ ನುಣುಪಾಗಿರುವುದನ್ನೂ ಪರಿಶೀಲಿಸುವುದು.
• ಒಂದು ಹೆಚ್ಚುವರಿ ಬೆಲ್ಟ್ ಹಾಗೂ ಅದನ್ನು ಬದಲಿಸಲು ಬೇಕಾದ ಸ್ಪ್ಯಾನರ್ ಸದಾ ಕಾರಿನಲ್ಲಿರತಕ್ಕದ್ದು.
• ಚಾಲನೆಯ ವೇಳೆ ಜನರೇಟರ್ ಮತ್ತು ಫ್ಯಾನಿಗೆ ಸಂಬಂಧಿಸಿದ ಎಚ್ಚರಿಕೆಯ ದೀಪ ಬೆಳಗಿದಲ್ಲಿ, ಮುಂದಿನ ಗ್ಯಾರೇಜಿನವರೆಗೆ ಹೋಗುವ ಯೋಚನೆ ಮಾಡದೆ ಕೂಡಲೇ ರಸ್ತೆಯ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡುವುದು.

ಎಂಜಿನ್‌ನ ಸುತ್ತಲಿನ ತಗಡಿನ ಹೊದಿಕೆಗಳನ್ನು ಹಾಗೂ ಎಂಜಿನ್ ಕೋಣೆಯ ಅಂಚಿನ ರಬ್ಬರ್ ಪಟ್ಟಿಯನ್ನು ಕೆಲವು ಮೆಕ್ಯಾನಿಕ್‌ಗಳು ಅನಗತ್ಯವೆಂದು ತೆಗೆದುಹಾಕುವುದುಂಟು. ಇದು ಸರಿಯಲ್ಲ. ರಬ್ಬರ್ ಪಟ್ಟಿ ಇಲ್ಲದಿದ್ದಲ್ಲಿ ಎಂಜಿನ್‌ನಿಂದ ಹೊರಬಿದ್ದ ಬಿಸಿ ಗಾಳಿಯೇ ಪುನಃ ಫ್ಯಾನಿಗೆ ಸೇರುತ್ತದೆ. ಆಯಿಲ್ ಕೂಲರ್‌ನಲ್ಲಿ ಸೇರಿಕೊಂಡ ಎಲೆ, ಧೂಳು ಮತ್ತು ಜಿಡ್ಡನ್ನು ಕಾಲಕಾಲಕ್ಕೆ ತೆಗೆಯುವುದು ಸಹ ಅವಶ್ಯ.

ಈ ಕಾರುಗಳ ಬೋಲ್ಟುಗಳು ಅಂಗುಲ ಅಳತೆಯವು. ಮಿಲಿಮೀಟರ್ ಅಳತೆಯ ಸ್ಪ್ಯಾನರ್ ಬಳಸಿದಲ್ಲಿ ಬೋಲ್ಟಿನ ತಲೆ ಸವೆಯುತ್ತದೆ. ಅಲ್ಯೂಮಿನಿಯಂ ಭಾಗಗಳಲ್ಲಿ ಬೋಲ್ಟುಗಳನ್ನು ಟಾರ್ಕ್ ರೆಂಚ್ ಬಳಸಿ ನಿಗದಿತ ಪ್ರಮಾಣದಲ್ಲಿಯೇ ಬಿಗಿಗೊಳಿಸುವುದು.

4. ಎಣ್ಣೆಯ ಸೋರಿಕೆ ಮತ್ತು ಕಾರಿನೊಳಗಿನ ಹೊಗೆ

ಎಂಜಿನ್‌ನಲ್ಲಿ 12 ಪುಶ್‌ರಾಡ್ ಕೊಳವೆಗಳಿದ್ದು, ಪ್ರತಿಯೊಂದರ ಎರಡು ತುದಿಗಳಿಗೂ ರಬ್ಬರ್ ಓ-ರಿಂಗ್‌ಗಳಿರುತ್ತವೆ. ಮೂಲ ರಬ್ಬರ್ ಶಾಖದಿಂದ ಗಟ್ಟಿಯಾಗಿ ಬಿರುಕು ಬಿಡುತ್ತಿದ್ದುದರಿಂದ, ಎಣ್ಣೆಯ ಸೋರಿಕೆಯು ಈ ಕಾರಿನ ಸಾಮಾನ್ಯ ದೂರಾಗಿತ್ತು. ಶಾಖವನ್ನು ತಾಳುವ ವೈಟಾನ್ ಎಂಬ ವಸ್ತುವಿನ 24 ಓ-ರಿಂಗ್‌ಗಳನ್ನು ಒಮ್ಮೆಲೇ ಬದಲಾಯಿಸುವುದು ಇದಕ್ಕೆ ಪರಿಹಾರವಾಗಿದೆ.

ಈ ಸೋರಿಕೆಯು ನೆಲ ಕೊಳೆಯಾಗುವ ಪ್ರಶ್ನೆ ಮಾತ್ರವಲ್ಲ. 1961ರಿಂದೀಚಿನ ಮಾದರಿಗಳ ಹೀಟರ್, ಎಂಜಿನ್‌ನ ಸಿಲಿಂಡರುಗಳ ಮೇಲೆ ಹಾದು ಬಿಸಿಯಾದ ಗಾಳಿಯನ್ನೇ ಪ್ರಯಾಣಿಕರ ಕಡೆಗೆ ಕಳುಹಿಸುತ್ತದೆ. ಎಣ್ಣೆಯು ಬಿಸಿ ಭಾಗಗಳ ಮೇಲೆ ತೊಟ್ಟಿಕ್ಕಿದಲ್ಲಿ ಅದರ ಹೊಗೆಯೂ, ಸಿಲಿಂಡರ್ ಹೆಡ್ ಅಥವಾ ಸೈಲೆನ್ಸರ್ ಕೊಳವೆಯ ಜೋಡಣೆಯಲ್ಲಿ ಸಂದು ಇದ್ದಲ್ಲಿ ಕಾರ್ಬನ್ ಮೊನಾಕ್ಸೈಡ್ ಅನಿಲವೂ ಕಾರಿನೊಳಕ್ಕೆ ಬರುವ ಸಂಭವವಿದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ, ಅದು ಪ್ರಾಣಾಂತಕ. ತಲೆನೋವು, ತಲೆಸುತ್ತು, ವಾಕರಿಕೆ ಕಂಡುಬಂದಲ್ಲಿ ಹೀಟರ್ ಬಂದ್ ಮಾಡಿ, ಕಿಟಕಿಗಳನ್ನು ತೆರೆದು, ವಾಹನ ನಿಲ್ಲಿಸಿ ಎಲ್ಲರೂ ಹೊರಗೆ ಬರತಕ್ಕದ್ದು. ಸೋರಿಕೆಗಳನ್ನು ಪೂರ್ಣವಾಗಿ ಸರಿಪಡಿಸುವವರೆಗೆ ಹೀಟರ್ ಬಳಸಬಾರದು.

5. ಟೈರಿನ ಗಾಳಿ ಮತ್ತು ಹಿಂಬದಿ ಸಸ್ಪೆನ್ಷನ್

ಕಾರಿನ ಭಾರದ ಹೆಚ್ಚಿನ ಪಾಲು ಹಿಂದಿನ ಚಕ್ರಗಳ ಮೇಲಿರುತ್ತದೆ. 1960ರಿಂದ 1963ರವರೆಗಿನ ಮಾದರಿಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಳತುದಿಯಲ್ಲಿ ಮಾತ್ರ ಕೀಲು ಇದ್ದು, ವೇಗವಾಗಿ ತಿರುವು ತೆಗೆದುಕೊಂಡಾಗ ಹೊರಬದಿಯ ಹಿಂದಿನ ಚಕ್ರವು ಒಳಕ್ಕೆ ಮಡಚಿಕೊಳ್ಳುವ ಸಾಧ್ಯತೆಯಿತ್ತು. ಇದನ್ನು ತಡೆಯಲು ಮುಂದಿನ ಟೈರುಗಳಿಗೆ 15 ಪೌಂಡು, ಹಿಂದಿನವುಗಳಿಗೆ 26 ಪೌಂಡು ಗಾಳಿಯನ್ನು (ಟೈರ್ ತಣ್ಣಗಿರುವಾಗ) ತಯಾರಕರು ನಿಗದಿಪಡಿಸಿದ್ದರು. ನಾಲ್ಕೂ ಚಕ್ರಗಳಿಗೆ ಒಂದೇ ಸಮನೆ ಗಾಳಿ ತುಂಬಿಸಿದಲ್ಲಿ ಈ ಸಮತೋಲನ ತಪ್ಪುತ್ತದೆ.

1964ರ ಮಾದರಿಗೆ ಹಿಂಬದಿಯಲ್ಲಿ ಅಡ್ಡ ಲೀಫ್ ಸ್ಪ್ರಿಂಗ್ ಹಾಗೂ ಮುಂಬದಿಯಲ್ಲಿ ವಾಲುವಿಕೆಯನ್ನು ತಡೆಯುವ ಸರಳನ್ನು ಸೇರಿಸಲಾಯಿತು. 1965ರಿಂದ ಪ್ರತಿ ಬದಿಗೂ ಎರಡು ಕೀಲುಗಳಿರುವ ಹೊಸ ಸಸ್ಪೆನ್ಷನ್ ಬಂದಿತು. ಅದೇ ವರ್ಷದ ಕೊನೆಯಲ್ಲಿ ಪ್ರಕಟವಾದ ರಾಲ್ಫ್ ನೇಡರ್ ಅವರ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಕೃತಿಯ ಮೊದಲ ಅಧ್ಯಾಯವು ಹಳೆಯ ಮಾದರಿಗಳ ಈ ದೋಷವನ್ನು ಕುರಿತದ್ದಾಗಿದ್ದು, ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾನೂನಿನ ಚರ್ಚೆಗೆ ಇಂಬು ನೀಡಿತು. 1972ರಲ್ಲಿ ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 1963ರ ಕೋರ್ವೇರನ್ನು ಅದೇ ಕಾಲದ ಇತರ ಕಾರುಗಳೊಂದಿಗೆ ಪರೀಕ್ಷಿಸಿ, ಅದು ಹತೋಟಿ ತಪ್ಪುವ ಅಸಹಜ ಸಂಭವವಿಲ್ಲವೆಂದು ವರದಿ ನೀಡಿತು.

ಈ ವರದಿಯಿಂದ ಮಾಲೀಕರ ಹೊಣೆ ಕಡಿಮೆಯಾಗುವುದಿಲ್ಲ. ಟೈರಿನ ಗಾಳಿ, ಸವೆದ ಬುಷ್, ಬೇರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು ನಿರ್ಲಕ್ಷಿಸಿದ ಕಾರಿಗೆ ಸುಸ್ಥಿತಿಯ ಕಾರಿನ ಪರೀಕ್ಷೆಯ ಫಲಿತಾಂಶ ಅನ್ವಯಿಸದು. ರೇಡಿಯಲ್ ಟೈರುಗಳನ್ನು ಅಳವಡಿಸಿದಲ್ಲಿ ಮೇಲಿನ ಅಂಕಿಗಳು ಬದಲಾಗಬಹುದಾದರೂ, ಮುಂದಿನ ಟೈರಿಗಿಂತ ಹಿಂದಿನ ಟೈರಿನಲ್ಲಿ ಹೆಚ್ಚು ಗಾಳಿ ಇರುವಂತೆ ನೋಡಿಕೊಳ್ಳುವುದು.

6. ಬ್ರೇಕ್ ಮತ್ತು ಇಂಧನ

1966ರವರೆಗಿನ ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಬ್ರೇಕ್ ಮಾರ್ಗವಿದೆ. ಎಲ್ಲಿಯಾದರೂ ಒಂದು ಕೊಳವೆ ಒಡೆದಲ್ಲಿ ನಾಲ್ಕೂ ಬ್ರೇಕುಗಳು ವಿಫಲವಾಗುತ್ತವೆ. 1967ರಿಂದ ಇಬ್ಬಗೆಯ ಮಾರ್ಗವನ್ನು ಅಳವಡಿಸಲಾಯಿತು. ಬಹುಕಾಲ ನಿಂತಿದ್ದ ಕಾರನ್ನು ರಸ್ತೆಗಿಳಿಸುವ ಮುನ್ನ ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರುಗಳು, ರಬ್ಬರ್ ಹೋಸ್‌ಗಳು ಹಾಗೂ ಲೋಹದ ಕೊಳವೆಗಳನ್ನು ಪರಿಶೀಲಿಸಿ, ಹಳೆಯ ಬ್ರೇಕ್ ಆಯಿಲನ್ನು ಪೂರ್ಣವಾಗಿ ಬದಲಿಸುವುದು. ಆ ಕಾಲದ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಇರುವುದರಿಂದ, ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸುವುದು.

ಭಾರತದಲ್ಲಿ ಈಗ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಮಿಶ್ರಣವಿರುತ್ತದೆ. ಹಳೆಯ ರಬ್ಬರ್ ಹೋಸ್ ಮತ್ತು ಕಾರ್ಬುರೇಟರಿನ ರಬ್ಬರ್ ಭಾಗಗಳು ಇದರಿಂದ ಮೆತ್ತಗಾಗಿ ಸೋರಬಹುದು. ಎಥನಾಲ್ ತಾಳುವ ಭಾಗಗಳನ್ನು ಅಳವಡಿಸುವುದು ಹಾಗೂ ಎಂಜಿನ್ ಕೋಣೆಯಲ್ಲಿ ಪೆಟ್ರೋಲಿನ ವಾಸನೆ ಬಂದಲ್ಲಿ ವಾಹನ ಚಾಲನೆ ಮಾಡದಿರುವುದು ಸೂಕ್ತ. ಎರಡೂ ಬದಿಗೆ ಪ್ರತ್ಯೇಕ ಕಾರ್ಬುರೇಟರುಗಳಿರುವುದರಿಂದ ಅವುಗಳನ್ನು ಪರಸ್ಪರ ಹೊಂದಿಸದಿದ್ದಲ್ಲಿ ಎಂಜಿನ್ ಅದುರುತ್ತದೆ.

7. ಪುನರುಜ್ಜೀವನ ಮತ್ತು ಮೂಲ ರೂಪ

ನಿಯಮಗಳ ಪ್ರಕಾರ, ಚಾಸಿಸ್, ಬಾಡಿಯ ಹೊರಕವಚ ಅಥವಾ ಎಂಜಿನ್‌ನಲ್ಲಿ ಮಾರ್ಪಾಡು ಸೇರಿದಂತೆ ಗಣನೀಯ ಬದಲಾವಣೆಗೆ ಒಳಗಾದ ವಾಹನವನ್ನು ವಿಂಟೇಜ್ ಎಂದು ಪರಿಗಣಿಸಲಾಗುವುದಿಲ್ಲ. ಅಮೆರಿಕದಲ್ಲಿ ಕೆಲವರು ಕೋರ್ವೇರ್ ಕಾರಿನ ಮೂಲ ಎಂಜಿನ್ ತೆಗೆದು, ಹಿಂದಿನ ಸೀಟಿನ ಜಾಗದಲ್ಲಿ ವಿ-8 ಎಂಜಿನ್ ಕೂರಿಸಿರುವುದುಂಟು. ಇಂತಹ ಕಾರು ನೋಡಲು ಎಷ್ಟೇ ಸೊಗಸಾಗಿದ್ದರೂ ಮೂಲ ರೂಪವನ್ನು ಕಳೆದುಕೊಂಡಿರುತ್ತದೆ. ಕೊಳ್ಳುವವರು ಹಣ ಪಾವತಿಸುವ ಮೊದಲೇ ಎಂಜಿನ್ ಬ್ಲಾಕಿನ ಮೇಲಿನ ಗುರುತನ್ನು ಮಾದರಿಯ ವರ್ಷದೊಂದಿಗೆ ತಾಳೆ ನೋಡತಕ್ಕದ್ದು.

ಕೋರ್ವೇರ್‌ಗೆ ಪ್ರತ್ಯೇಕ ಚಾಸಿಸ್ ಚೌಕಟ್ಟು ಇಲ್ಲ; ಬಾಡಿಯೇ ಭಾರವನ್ನು ಹೊರುತ್ತದೆ. ಆದುದರಿಂದ ನೆಲದ ತಗಡು, ಗಾಜಿನ ಚೌಕಟ್ಟಿನ ಬುಡ ಮುಂತಾದೆಡೆ ಹಿಡಿದ ತುಕ್ಕು ಕಾರಿನ ಬಲವನ್ನೇ ಕುಂದಿಸುತ್ತದೆ. ತುಕ್ಕಿನ ಮೇಲೆ ಪುಟ್ಟಿ ಬಳಿದು ಬಣ್ಣ ಹಚ್ಚದೆ, ಕೆಟ್ಟ ಭಾಗವನ್ನು ಕತ್ತರಿಸಿ ಅದೇ ಆಕಾರದ, ಅದೇ ದಪ್ಪದ ತಗಡನ್ನು ಬೆಸೆಯುವುದು. ಕೆಲಸದ ಮೊದಲು, ನಡುವೆ ಹಾಗೂ ನಂತರ ಛಾಯಾಚಿತ್ರಗಳನ್ನು ತೆಗೆದು, ಬಿಡಿಭಾಗಗಳ ರಸೀದಿಗಳೊಂದಿಗೆ ಕಾಪಾಡಿಕೊಳ್ಳುವುದು.

8. ವಿಂಟೇಜ್ ನೋಂದಣಿ

• ಅರ್ಹತೆ: ಮೊದಲ ನೋಂದಣಿಯ ದಿನಾಂಕದಿಂದ 50 ವರ್ಷ ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ಅಥವಾ ನಾಲ್ಕು ಚಕ್ರದ ವಾಹನ.
• ಅರ್ಜಿ: ನಮೂನೆ 20ರಲ್ಲಿ, ಪರಿವಾಹನ್ ಪೋರ್ಟಲ್ ಮೂಲಕ.
• ದಾಖಲೆಗಳು: ವಿಮಾ ಪತ್ರ, ಆಮದು ವಾಹನವಾದಲ್ಲಿ ಸುಂಕ ಇಲಾಖೆಯ ಬಿಲ್ ಆಫ್ ಎಂಟ್ರಿ, ಭಾರತದಲ್ಲಿ ಈಗಾಗಲೇ ನೋಂದಣಿಯಾಗಿದ್ದಲ್ಲಿ ಹಳೆಯ ನೋಂದಣಿ ಪ್ರಮಾಣಪತ್ರ.
• ಶುಲ್ಕ: 2021ರ ನಿಯಮಗಳನ್ವಯ ಹೊಸ ನೋಂದಣಿಗೆ ರೂ. 20,000, ಮರುನೋಂದಣಿಗೆ ರೂ. 5,000.
• ಪ್ರಮಾಣಪತ್ರ: ನಮೂನೆ 23-ಎ ರಲ್ಲಿ, 60 ದಿನಗಳೊಳಗೆ. ಸಿಂಧುತ್ವ 10 ವರ್ಷ.
• ನೋಂದಣಿ ಸಂಖ್ಯೆ: ಹೊಸ ನೋಂದಣಿಗೆ ರಾಜ್ಯದ ಸಂಕೇತದ ನಂತರ 'ವಿಎ' ಅಕ್ಷರಗಳಿರುತ್ತವೆ. ಈಗಾಗಲೇ ನೋಂದಣಿಯಾದವರು ಮೂಲ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು.

9. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಎಲ್ಲ ಕೋರ್ವೇರ್ ಕಾರುಗಳೂ ವಯಸ್ಸಿನ ಅರ್ಹತೆ ಹೊಂದಿವೆಯೇ?
ಉತ್ತರ: ಕೊನೆಯ ಕಾರು 1969ರಲ್ಲಿ ತಯಾರಾಗಿದೆ. ಆದರೆ ವಯಸ್ಸನ್ನು ಮೊದಲ ನೋಂದಣಿಯ ದಿನಾಂಕದಿಂದ ಲೆಕ್ಕ ಹಾಕುವುದರಿಂದ ಅದರ ದಾಖಲೆಯನ್ನು ಹೊಂದಿರುವುದು ಮುಖ್ಯ.

ಪ್ರಶ್ನೆ: ಓ-ರಿಂಗ್, ಬೆಲ್ಟ್, ಹೋಸ್ ಬದಲಿಸಿದಲ್ಲಿ ಮೂಲ ರೂಪಕ್ಕೆ ಧಕ್ಕೆಯಾಗುವುದೇ?
ಉತ್ತರ: ಸವೆದ ಭಾಗಕ್ಕೆ ಅದೇ ಕೆಲಸ ಮಾಡುವ ಭಾಗವನ್ನು ಹಾಕುವುದು ನಿರ್ವಹಣೆಯಾಗಿದೆ. ಚಾಸಿಸ್, ಬಾಡಿ ಅಥವಾ ಎಂಜಿನ್‌ಗೆ ಸಂಬಂಧಿಸಿದ ದೊಡ್ಡ ಕೆಲಸವಿದ್ದಲ್ಲಿ, ಕೆಲಸ ಆರಂಭಿಸುವ ಮೊದಲೇ ನೋಂದಣಿ ಪ್ರಾಧಿಕಾರವನ್ನು ವಿಚಾರಿಸುವುದು ಒಳಿತು.

ಪ್ರಶ್ನೆ: ವಿಂಟೇಜ್ ನೋಂದಣಿಯಾದ ಕಾರನ್ನು ಪ್ರತಿದಿನ ಕಚೇರಿಗೆ ಒಯ್ಯಬಹುದೇ?
ಉತ್ತರ: ಇಲ್ಲ. ದಿನನಿತ್ಯದ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ರಸ್ತೆಯಲ್ಲಿ ಬಳಸಲು ಅವಕಾಶವಿರುವುದಿಲ್ಲ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ನಿಯಮಗಳ ಮೂಲ ಪಠ್ಯವೇ ಅಂತಿಮವಾಗಿರುತ್ತದೆ. ಅರ್ಜಿದಾರರು ಶುಲ್ಕ ಪಾವತಿಸುವ ಮುನ್ನ ಸಂಬಂಧಪಟ್ಟ ನೋಂದಣಿ ಪ್ರಾಧಿಕಾರದಲ್ಲಿ ಜಾರಿಯಲ್ಲಿರುವ ನಿಯಮ ಹಾಗೂ ಶುಲ್ಕವನ್ನು ಖಚಿತಪಡಿಸಿಕೊಳ್ಳತಕ್ಕದ್ದು.